ಟೆನರ್ ಸ್ಯಾಕ್ಸೋಫೋನ್ ಹೊತ್ತು ಮೆರವಣಿಗೆ: ಬಲಗೈ ಹೆಬ್ಬೆರಳು ಸೋತು ಬರ್ತಿದೆ, ಎಂತ ಮಾಡಲಿ?

ಶಿರಸಿ ಟೆನರ್, ಡಿಸೆಂಬರ್ 18

ಎಲ್ಲರಿಗೂ ನಮಸ್ಕಾರ. ನನ್ನ ಊರು ಶಿರಸಿಯಿಂದ ಸ್ವಲ್ಪ ಒಳಗೆ. ಆರು ವರ್ಷದಿಂದ ಒಂದು ಬ್ಯಾಂಡ್ ಸೆಟ್ಟಿನಲ್ಲಿ ಊದ್ತಾ ಇದ್ದೇನೆ. ಮೊದಲಿಂದ ಕ್ಲಾರಿನೆಟ್. ಈ ಸಲ ಚೌತಿಗೆ ಮುಂಚೆ ನಮ್ಮ ಟೆನರ್ ಸ್ಯಾಕ್ಸೋಫೋನಿನವರು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದರು, ಅವರ ವಾದ್ಯ ನನ್ನ ಕೊರಳಿಗೆ ಬಂತು. ಒತ್ತಾಯಕ್ಕೆ ತಕೊಂಡದ್ದಲ್ಲ, ಕೇಳಿ ತಕೊಂಡದ್ದು. ಆ ದನಿ ಅಂದರೆ ಸಣ್ಣವನಿದ್ದಾಗಿಂದ ನನಗೆ ಜೀವ.

ಚೌತಿ ವಿಸರ್ಜನೆಯ ರಾತ್ರಿಯೇ ಬಲಗೈ ಹೆಬ್ಬೆರಳಿನ ಬುಡದಲ್ಲಿ ಸಣ್ಣಗೆ ನೋವು ಬಂದಿತ್ತು. ಎರಡು ದಿನಕ್ಕೆ ಹೋಯಿತು, ಮರೆತೆ. ತುಳಸಿ ಮದುವೆ ಕಳೆದು ಮದುವೆಗಳು ಶುರುವಾದವಲ್ಲ, ಆಗ ಬಂದ ನೋವು ಇನ್ನೂ ಹೋಗಿಲ್ಲ. ದಿಬ್ಬಣದ ಮುಂದೆ ಎರಡು ತಾಸು ನಡೆದು ಊದಿದರೆ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಬೆಂಕಿ ಹಿಡಿದ ಹಾಗೆ. ಮರುದಿನ ಬೆಳಿಗ್ಗೆ ಬೈಕಿನ ಕೀ ತಿರುಗಿಸಲು ಎಡಗೈ ತರಬೇಕು. ನೀರು ತುಂಬಿದ ಚೊಂಬು ಎತ್ತಿದರೆ ಚುಳುಕ್ ಅಂತದೆ. ಇತ್ತೀಚೆಗೆ ಎಡಗೈಯ ಕಿರುಬೆರಳೂ ಜೋಮು ಹಿಡಿಯಲು ಶುರುವಾಗಿದೆ.

ಮನೆಯ ಅಡಿಕೆ ತೂಗುವ ತಕ್ಕಡಿಗೆ ಎರಡೂ ವಾದ್ಯ ಇಟ್ಟು ನೋಡಿದೆ. ಕ್ಲಾರಿನೆಟ್ 800 ಗ್ರಾಂ, ಟೆನರ್ 3 ಕಿಲೋ 400 ಗ್ರಾಂ. ನಾಲ್ಕು ಪಟ್ಟು. ಆದರೆ ಟೆನರಿಗೆ ಬೆಲ್ಟ್ ಇದೆ, ಭಾರ ಕೊರಳಿಗೆ ಹೋಗಬೇಕು ತಾನೆ? ಕೈ ಯಾಕೆ ನೋಯ್ತದೆ ಅನ್ನೋದೇ ಅರ್ಥ ಆಗ್ತಿಲ್ಲ.

ಈವರೆಗೆ ಮಾಡಿದ್ದು: ಮುಲಾಮು ತಿಕ್ಕಿದ್ದು, ಮಣಿಕಟ್ಟಿಗೆ ಬಟ್ಟೆಪಟ್ಟಿ ಬಿಗಿಯಾಗಿ ಸುತ್ತಿ ಊದಿದ್ದು, ಮತ್ತೆ ಮೆತ್ತಗಿನ ಅಗಲದ ರಬ್ಬರ್ ಬೆಲ್ಟ್ ತರಿಸಿದ್ದು. ಅದು ಕೊರಳಿಗೆ ಹಿತವಾಗಿದೆ, ಕೈಗೆ ಏನೂ ಆಗಲಿಲ್ಲ. ನಮ್ಮ ಬ್ಯಾಂಡ್ ಮಾಸ್ತರು “ರೂಢಿ ಆದ ಮೇಲೆ ಸರಿಯಾಗ್ತದೆ” ಅಂತಾರೆ. ಈಗ ಧನುರ್ಮಾಸ, ಸಂಕ್ರಾಂತಿವರೆಗೆ ಮದುವೆ ಇಲ್ಲ. ಆಮೇಲೆ ಸಾಲಾಗಿ ಇದೆ, ಶಿವರಾತ್ರಿ ಹೊತ್ತಿಗೆ ತೇರುಗಳೂ ಬರ್ತವೆ. ಇಷ್ಟರೊಳಗೆ ಏನಾದರೂ ಮಾಡಬೇಕು. ನಡೆಯುತ್ತಾ ಊದುವವರು ಯಾರಾದರೂ ಹೇಳಿ.

ಭಟ್ಕಳ ಆಲ್ಟೊ, ಡಿಸೆಂಬರ್ 18

ನನಗೂ ಹೀಗೇ ಆಗಿತ್ತು. ಕೊರಳ ಬೆಲ್ಟ್ ಬಿಟ್ಟು ಎರಡೂ ಹೆಗಲಿಗೆ ಬರುವ ಹಾರ್ನೆಸ್ ತಕೊಂಡೆ. ಕುತ್ತಿಗೆ ನೋವು ಪೂರ್ತಿ ಹೋಯಿತು, ಹೆಬ್ಬೆರಳಿನದ್ದು ಅರ್ಧ ಹೋಯಿತು. ಆದರೆ ನನ್ನದು ಆಲ್ಟೊ, ಟೆನರಿಗಿಂತ ಸಣ್ಣ ಸ್ಯಾಕ್ಸೋಫೋನ್, ಎರಡೂವರೆ ಕಿಲೋ. ನಿಮ್ಮಷ್ಟು ಭಾರ ಇಲ್ಲ. ಒಂದು ವಿಷಯ ಗಮನಿಸಿ: ಯೂನಿಫಾರ್ಮ್ ಕೋಟಿನ ಮೇಲೆ ಹಾರ್ನೆಸ್ ಹಾಕಿದರೆ ಹೆಗಲ ಮೇಲಿನ ಜರಿಪಟ್ಟಿಯಿಂದ ಜಾರುತ್ತದೆ. ನಾನು ಕೋಟಿನ ಒಳಗೆ ಹಾಕಿ, ಕೊಕ್ಕೆಯನ್ನು ಎರಡು ಗುಂಡಿಗಳ ನಡುವಿಂದ ಹೊರಗೆ ತೆಗೀತೇನೆ.

ಕಾರವಾರದ ಹಳೇ ಬ್ಯಾಂಡಿನವ, ಡಿಸೆಂಬರ್ 19

ತಮಾ, ನಿಮ್ಮ ಮಾಸ್ತರರ ಮೇಲೆ ನನಗೆ ಗೌರವ ಇದೆ, ಆದರೂ ಆ ಮಾತನ್ನು ಈ ವಿಷಯದಲ್ಲಿ ಕೇಳಬೇಡ. ತುಟಿಗೆ ರೂಢಿ ಆಗ್ತದೆ, ಉಸಿರಿಗೆ ಆಗ್ತದೆ, ಕಾಲಿಗೂ ಆಗ್ತದೆ. ಹೆಬ್ಬೆರಳಿನ ನರಕ್ಕೆ ಆಗೋದಿಲ್ಲ. ಅದು ಸುಮ್ಮನೆ ಸವೆಯುತ್ತದೆ.

ನಾನು 22 ವರ್ಷ ಮಿಲಿಟರಿ ಬ್ಯಾಂಡಿನಲ್ಲಿದ್ದವ. ಮೊದಲು ಕ್ಲಾರಿನೆಟ್, ಆಮೇಲೆ ಟೆನರ್. ಈಗ ಕಾರವಾರದಲ್ಲಿ ಹತ್ತು ಹನ್ನೆರಡು ಮಕ್ಕಳಿಗೆ ಕಲಿಸ್ತೇನೆ. ಕ್ಲಾರಿನೆಟ್ಟಿನ ಕಾಲದಲ್ಲಿ ಬೆಳಿಗ್ಗೆ ಸಂಜೆ ಪೆರೇಡಿನ ತಾಲೀಮು. ಕ್ಲಾರಿನೆಟ್ಟಿಗೆ ಬೆಲ್ಟ್ ಕಟ್ಟುವ ಪದ್ಧತಿ ನಮ್ಮಲ್ಲಿ ಇರಲಿಲ್ಲ, ಅಷ್ಟೂ ಭಾರ ಬಲ ಹೆಬ್ಬೆರಳ ಮೇಲೆ. ನೋವಿದೆ ಅಂತ ಯಾರಿಗೂ ಹೇಳಲಿಲ್ಲ, ಹೇಳಿದರೆ ಸಾಲಿನಿಂದ ತೆಗೀತಾರೆ ಅನ್ನೋ ಹೆದರಿಕೆ. ಒಂದು ಬೆಳಿಗ್ಗೆ ನಡೆಯುತ್ತಿದ್ದಾಗ ಹೆಬ್ಬೆರಳು ಮಡಚಿದ್ದು ಮಡಚಿದ ಹಾಗೇ ನಿಂತುಬಿಟ್ಟಿತು. ಕ್ಲಾರಿನೆಟ್ ಜಾರಿ ಮೊಣಕಾಲಿಗೆ ಬಡಿಯಿತು, ಊದುವ ತುದಿಯ ತೆಳು ಪಟ್ಟಿ, ರೀಡ್, ಸೀಳಿತು. ನಿಲ್ಲುವ ಹಾಗಿಲ್ಲ, ದನಿ ಇಲ್ಲದ ವಾದ್ಯ ಹಿಡಿದುಕೊಂಡೇ ಮೈದಾನ ಮುಗಿಸಿದೆ. ಆಮೇಲೆ ಮೂರು ತಿಂಗಳು ವಾದ್ಯ ಮುಟ್ಟಲು ಬಿಡಲಿಲ್ಲ. ರಜೆಗೆ ಬಂದಾಗ ಅಂಗಿಯ ಗುಂಡಿ ಮನೆಯವಳೇ ಹಾಕಬೇಕಿತ್ತು. ಅದಕ್ಕೇ ನಿನ್ನ ಬೈಕಿನ ಕೀ ವಿಷಯ ಓದಿ ನಿನ್ನೆ ರಾತ್ರಿಯೇ ಬರೀಬೇಕು ಅಂತ ಕೂತೆ.

ಈಗ ಕೇಳು. ಕನ್ನಡಿ ಮುಂದೆ ನಿಲ್ಲು. ವಾದ್ಯ ಕೊರಳಿಗೆ ಹಾಕಿ ಊದುವ ಭಂಗಿಗೆ ಬಾ. ಕೊಕ್ಕೆಯ ಬಳಿ ಸ್ನೇಹಿತನೊಬ್ಬ ಕೈ ಒಡ್ಡಿ ನಿಂತಿರಲಿ, ಬಿದ್ದರೆ ಹಿಡೀಲಿಕ್ಕೆ. ಆಮೇಲೆ ಎರಡೂ ಕೈ ಮೆಲ್ಲಗೆ ಬಿಡು. ಮೌತ್‌ಪೀಸ್ ತುಟಿಯ ಮಟ್ಟದಲ್ಲೇ ಉಳಿದರೆ ಬೆಲ್ಟ್ ಸರಿ ಇದೆ. ಗಲ್ಲಕ್ಕೆ ಇಳಿದರೆ ಆ ಎರಡು ಇಂಚು ಎತ್ತಿ ಹಿಡೀತಿರೋದು ನಿನ್ನ ಹೆಬ್ಬೆರಳು. ನನ್ನ ಹತ್ತಿರ ಬರುವ ಹತ್ತರಲ್ಲಿ ಎಂಟು ಜನರದ್ದು ಗಲ್ಲಕ್ಕೇ ಇಳೀತದೆ. ಬೆಲ್ಟ್ ಉದ್ದ ಬಿಟ್ಟು, ವಾದ್ಯಕ್ಕೆ ಬಾಯಿ ಕೊಡಲು ತಲೆ ತಗ್ಗಿಸ್ತಾರೆ. ಮೌತ್‌ಪೀಸ್ ಬಾಯಿಗೆ ಬರಬೇಕು, ಬಾಯಿ ಅದರ ಹತ್ತಿರ ಹೋಗಬಾರದು.

ಇನ್ನು ನಿನ್ನ ಹೊಸ ಬೆಲ್ಟ್. ರಬ್ಬರಿನದು ಅಂದೆಯಲ್ಲ, ಅಲ್ಲೇ ಇದೆ ನೋಡು. ಕೂತು ಊದುವವರಿಗೆ ಅದು ಹಿತ. ನಡೆಯುವವನಿಗೆ ಒಂದೊಂದು ಹೆಜ್ಜೆಗೂ ಸ್ಪ್ರಿಂಗಿನ ಹಾಗೆ ಎಳೆದು ಬಿಡ್ತದೆ. ಮೂರೂವರೆ ಕಿಲೋ ಮೇಲೆ ಕೆಳಗೆ ಕುಣಿಯುವಾಗ ಮೌತ್‌ಪೀಸ್ ಹಲ್ಲಿಗೆ ಬಡಿಯಬಾರದು ಅಂತ ನಿನಗೆ ಗೊತ್ತಿಲ್ಲದೆ ಬಲಗೈ ಅದನ್ನು ಅದುಮಿ ಹಿಡೀತದೆ. ಎರಡು ತಾಸು ಹಾಗೆ ಹಿಡಿದರೆ ಯಾವ ಕೈ ಉಳೀತದೆ? ಎಳೆದರೆ ಹಿಗ್ಗದ ಪಟ್ಟಿಯ ಹಾರ್ನೆಸ್ ತಕೋ, ಭಟ್ಕಳದವರು ಹೇಳಿದ್ದು ಸರಿ. ಕೊಕ್ಕೆ ಬಾಯಿ ಮುಚ್ಚುವಂಥದ್ದಿರಲಿ. ತೆರೆದ ಕೊಕ್ಕೆ ಗುಂಡಿ ಬಿದ್ದ ರಸ್ತೆಯಲ್ಲಿ ವಾದ್ಯದ ಬಳೆಯಿಂದ ಹಾರಿಹೋಗ್ತದೆ.

ಇನ್ನೊಂದು: ವಾದ್ಯ ನಡುವೆ ಹಿಡಿದು ನಡೆದರೆ ಅದರ ಬೆಲ್, ಅಂದರೆ ಅಗಲ ಬಾಯಿ, ಬಲ ತೊಡೆಗೆ ಪ್ರತಿ ಹೆಜ್ಜೆಗೂ ತಾಗ್ತದೆ. ತಾಗದ ಹಾಗೆ ಕೈ ಅದನ್ನು ಹೊರಗೆ ದೂಡ್ತಾ ಇರ್ತದೆ, ಅದೂ ಹೆಬ್ಬೆರಳಿನಿಂದಲೇ. ಟೆನರನ್ನು ಸೊಂಟದ ಬಲಬದಿಗೆ ತಂದು, ಸ್ವಲ್ಪ ಓರೆ ಇಟ್ಟುಕೊಂಡು ನಡಿ. ನೆಕ್ಕಿನ, ಅಂದರೆ ಮೇಲಿನ ಬಾಗಿದ ಕೊಳವೆಯ, ಸ್ಕ್ರೂ ಸಡಿಲಿಸಿ ಮೌತ್‌ಪೀಸನ್ನು ಅದಕ್ಕೆ ತಕ್ಕ ಹಾಗೆ ತಿರುಗಿಸಿಕೋ, ಇಲ್ಲವಾದರೆ ಕುತ್ತಿಗೆ ತಿರುಚ್ತದೆ. ಹೆಜ್ಜೆ ಹಿಮ್ಮಡಿಯಿಂದ ಶುರುವಾಗಿ ಬೆರಳ ತುದಿಗೆ ಉರುಳಬೇಕು. ದಪ್ಪ ದಪ್ಪ ಕಾಲಿಟ್ಟರೆ ಪೆಟ್ಟು ಹಲ್ಲಿಗೂ ಕೈಗೂ ಒಟ್ಟಿಗೇ.

ಸ್ಯಾಕ್ಸೋಫೋನ್ ಅಂದ ಕೂಡಲೇ ನಮ್ಮ ಹುಡುಗರಿಗೆ ಕದ್ರಿ ಗೋಪಾಲನಾಥರ ಕಛೇರಿ ಕಣ್ಣಿಗೆ ಬರ್ತದೆ. ಬರಲೇಬೇಕು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಕಂಡ ವಾದ್ಯವನ್ನು ಅವರು ಕರ್ನಾಟಕ ಸಂಗೀತಕ್ಕೆ ಒಲಿಸಿದರು. ಆದರೆ ಅವರು ನುಡಿಸಿದ್ದು ಆಲ್ಟೊ, ಚಕ್ಕಳಮಕ್ಕಳ ಹಾಕಿ ಕೂತು. ಅವರ ಕೈ ನೋಡಿ ಬೆರಳು ಕಲಿ, ಹೊರುವುದನ್ನು ಅಲ್ಲಿಂದ ಕಲಿಯಲು ಆಗೋದಿಲ್ಲ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಮೊದಲು ಇದನ್ನು ಕೈಗೆತ್ತಿಕೊಂಡದ್ದು ಮಿಲಿಟರಿ ಬ್ಯಾಂಡುಗಳೇ. ನಡೆಯುತ್ತಾ ಊದುವುದು ಈ ವಾದ್ಯಕ್ಕೆ ಹೊಸದಲ್ಲ, ಹಾಗಾಗಿ ದಾರಿ ಇದ್ದೇ ಇದೆ.

ವಾದ್ಯದ ಹಿಂಬದಿಯಲ್ಲಿ ಬಲ ಹೆಬ್ಬೆರಳಿಗೆ ಅಂತಲೇ ಒಂದು ಹುಕ್ಕು ಇದೆಯಲ್ಲ, ಅದರ ಅಡಿಯಲ್ಲಿ ಹೆಬ್ಬೆರಳು ಎಲ್ಲಿ ಕೂರ್ತದೆ ನೋಡು. ಉಗುರಿನ ಬುಡ ಮತ್ತು ಮೊದಲ ಗೆಣ್ಣಿನ ನಡುವೆ, ಉಗುರಿನ ಪಕ್ಕದ ಅಂಚಿನಲ್ಲಿ ಕೂರಬೇಕು. ಗೆಣ್ಣು ದಾಟಿ ಒಳಗೆ ಹೋಗಿದ್ದರೆ ಕೈಯೆಲ್ಲ ಮುಂದೆ ಸರಿದಿದೆ, ಮಣಿಕಟ್ಟು ಬಾಗಿದೆ ಅಂತ ಅರ್ಥ. ಬೆರಳುಗಳು ಮೂಸಂಬಿ ಹಣ್ಣು ಹಿಡಿದಷ್ಟು ದುಂಡಗಿರಲಿ. ಹುಕ್ಕಿನ ಸ್ಕ್ರೂವನ್ನು ನಾಣ್ಯದ ಅಂಚಿನಿಂದ ಸಡಿಲಿಸಿ ಮೇಲೆ ಕೆಳಗೆ, ಪಕ್ಕಕ್ಕೆ ಸರಿಸಬಹುದು. ಮೊದಲಿನವರ ಕೈ ದೊಡ್ಡದಿತ್ತೋ ಸಣ್ಣದಿತ್ತೋ, ಹುಕ್ಕು ಇನ್ನೂ ಅವರ ಅಳತೆಯಲ್ಲೇ ಇರಬಹುದು.

ಕಡೇದು. ವಾದ್ಯದ ಎಲ್ಲಕ್ಕಿಂತ ಕೆಳಗಿನ ಸ್ವರಗಳು, ಲೋ ಬಿ, ಲೋ ಬಿ ಫ್ಲ್ಯಾಟ್, ಸಲೀಸಾಗಿ ಬರ್ತವೋ? ಅಥವಾ ಕೀ ಬಲವಾಗಿ ಒತ್ತಿದರೆ ಮಾತ್ರ ಬರ್ತವೋ? ಇದಕ್ಕೆ ಉತ್ತರ ಬರೆ. ಆ ಕೀಗಳನ್ನು ಒತ್ತುವುದು ಎಡ ಕಿರುಬೆರಳು, ಅದರ ಮೇಲೆ ನನಗೆ ಅನುಮಾನ ಇದೆ.

ಕುಮಟಾ ಫಿಸಿಯೋ, ಡಿಸೆಂಬರ್ 19

ನಾನು ವಾದ್ಯ ನುಡಿಸುವವಳಲ್ಲ, ಆದರೆ ದಿನಾ ನೋಡುವುದು ಇಂಥ ಕೈಗಳನ್ನೇ. ಮೇಲಿನ ಹಿರಿಯರು ಬರೆದದ್ದನ್ನು ನನ್ನ ಕಡೆಯಿಂದಲೂ ಒಪ್ಪುತ್ತೇನೆ. ಒಂದು ಶಬ್ದದ ಬಗ್ಗೆ ಮಾತ್ರ ಹೇಳಬೇಕು.

ನಮ್ಮ ಕಡೆ ಎಲ್ಲದಕ್ಕೂ “ನರ” ಅಂತೇವೆ. ಕೈಯಲ್ಲಿ ಬಳ್ಳಿಯ ಹಾಗೆ ಎದ್ದು ಕಾಣುವುದೂ ನರ, ಬೆರಳನ್ನು ಎಳೆಯುವ ಹಗ್ಗವೂ ನರ, ಸ್ಪರ್ಶ ತಿಳಿಸುವುದೂ ನರ. ನಿಮ್ಮಲ್ಲಿ ಎರಡು ಬೇರೆ ಬೇರೆ ತೊಂದರೆ ಇದ್ದ ಹಾಗಿದೆ, ಎರಡನ್ನೂ ಒಂದೇ ಅಂತ ತಿಳಿದರೆ ಮದ್ದು ತಪ್ಪುತ್ತದೆ. ಬಲ ಹೆಬ್ಬೆರಳಿನ ಬುಡದ ನೋವು ಹಗ್ಗದ್ದು. ಹೆಬ್ಬೆರಳನ್ನು ಎತ್ತುವ, ಅಗಲಿಸುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಪಕ್ಕ ಒಂದು ಇಕ್ಕಟ್ಟಾದ ಕೊಳವೆಯಲ್ಲಿ ಹಾದು ಹೋಗುತ್ತವೆ. ಒಂದೇ ಕೆಲಸ ಸಾವಿರ ಸಲ ಮಾಡಿದಾಗ ಆ ಕೊಳವೆಯ ಗೋಡೆ ದಪ್ಪವಾಗಿ ರಜ್ಜು ಉಜ್ಜುತ್ತದೆ. 1895ರಲ್ಲಿ ಸ್ವಿಸ್ ವೈದ್ಯ ಡಿ ಕ್ವೆರ್ವೇನ್ ಇದನ್ನು ವಿವರಿಸಿದ್ದರಿಂದ ಅವರದೇ ಹೆಸರು. ಕೂಸನ್ನು ಪದೇ ಪದೇ ಎತ್ತಿಕೊಳ್ಳುವ ಬಾಣಂತಿಯರಲ್ಲಿ ಇದನ್ನು ತುಂಬಾ ನೋಡುತ್ತೇವೆ. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಉಳಿದ ಬೆರಳಿಂದ ಮುಚ್ಚಿ, ಮುಷ್ಟಿಯನ್ನು ಕಿರುಬೆರಳಿನ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ. ಒಂದೇ ಸಲ, ಬಲ ಹಾಕದೆ. ಹೆಬ್ಬೆರಳಿನ ಬದಿಯ ಮಣಿಕಟ್ಟಿನಲ್ಲಿ ಜೋರಾಗಿ ಹಿಡಿದರೆ ಅದೇ ಇರುವ ಸಂಭವ ಹೆಚ್ಚು.

ಎಡ ಕಿರುಬೆರಳಿನ ಜೋಮು ಮಾತ್ರ ನಿಜವಾದ ನರದ್ದು. ಮೊಣಕೈ ಬಾಗಿಲಿಗೆ ತಾಗಿದಾಗ ಕರೆಂಟ್ ಹೊಡೆದ ಹಾಗೆ ಆಗುತ್ತದಲ್ಲ, ಆ ನರ. ಮೊಣಕೈ ತುಂಬಾ ಹೊತ್ತು ಮಡಚಿಯೇ ಇದ್ದರೆ, ಕಿರುಬೆರಳು ಬಲವಾಗಿ ಒತ್ತುತ್ತಲೇ ಇದ್ದರೆ ಅದು ದಣಿಯುತ್ತದೆ. ಕೊರಳ ಬೆಲ್ಟಿನ ಭಾರದಿಂದ ಕುತ್ತಿಗೆಯಲ್ಲೇ ಒತ್ತಡ ಬಿದ್ದಿದ್ದರೂ ಜೋಮು ಕೈಗೆ ಇಳಿಯಬಹುದು.

ಬಟ್ಟೆಪಟ್ಟಿ ಬಿಗಿದು ಊದುವುದನ್ನು ಇವತ್ತೇ ಬಿಡಿ. ನೋವು ಮರೆಯಾಗುತ್ತದೆ, ಉಜ್ಜುವುದು ನಿಲ್ಲುವುದಿಲ್ಲ. ಮುಲಾಮು ತಿಕ್ಕಿ ತಿಕ್ಕಿ ನೋಯುವ ಜಾಗವನ್ನೇ ಒತ್ತುವುದೂ ಬೇಡ.

ನನ್ನ ಪ್ರಶ್ನೆ ಬೇರೆ. ಧನುರ್ಮಾಸ ಶುರುವಾಗಿ ಮೆರವಣಿಗೆ ಇಲ್ಲ ಅಂದಿರಿ. ಹಾಗಾದರೆ ನೋವು ಕಡಿಮೆ ಆಗಬೇಕಿತ್ತು. ಆಗಿದೆಯೇ? ಇಲ್ಲವಾದರೆ ದಿನವಿಡೀ ಆ ಕೈ ಮತ್ತೇನು ಕೆಲಸ ಮಾಡುತ್ತಿದೆ?

ಶಿರಸಿ ಟೆನರ್, ಡಿಸೆಂಬರ್ 20

ಅಕ್ಕಾ, ಆ ಮುಷ್ಟಿ ಪರೀಕ್ಷೆ ಮಾಡಿದೆ. ಕಣ್ಣಲ್ಲಿ ನೀರು ಬಂತು.

ನೋವು ಕಡಿಮೆ ಆಗಿಲ್ಲ, ಈ ವಾರ ಹೆಚ್ಚೇ ಆಗಿದೆ. ನೀವು ಕೇಳಿದ ಮೇಲೆ ಯೋಚಿಸಿದೆ, ಉತ್ತರ ಮನೆಯ ಅಂಗಳದಲ್ಲೇ ಇತ್ತು. ಅಡಿಕೆ ಸುಲಿಯೋದು. ನಮ್ಮಲ್ಲಿ ಕೊಯ್ಲು ಶುರುವಾಗಿದೆ. ಕೆಂಪಡಿಕೆಗೆ ಹಸಿ ಕಾಯಿಯನ್ನು ಇಟ್ಟುಕೊಳ್ಳುವ ಹಾಗಿಲ್ಲ, ಸುಲಿದು ಬೇಯಿಸಬೇಕು. ಸಂಜೆ ಏಳಕ್ಕೆ ಮೆಟ್ಟುಗತ್ತಿ ಮುಂದೆ ಕೂತರೆ ಏಳುವಾಗ ಹನ್ನೊಂದು ಆಗ್ತದೆ. ಅಡಿಕೆಯನ್ನು ಅಲಗಿಗೆ ಒತ್ತೋದು, ತಿರುಪೋದು, ಸಿಪ್ಪೆ ಬಿಡಿಸೋದು. ನಿನ್ನೆ ರಾತ್ರಿ ಊದುವವನ ಕಣ್ಣಿಂದ ನನ್ನ ಕೈಯನ್ನೇ ನೋಡ್ತಾ ಕೂತೆ. ಒಂದೊಂದು ಅಡಿಕೆಗೂ ಬಲ ಹೆಬ್ಬೆರಳು ಒತ್ತಿ ಹೊರಗೆ ದೂಡ್ತದೆ, ಮಣಿಕಟ್ಟು ಕಿರುಬೆರಳಿನ ಕಡೆಗೆ ಬಾಗ್ತದೆ. ನೀವು ಹೇಳಿದ ಪರೀಕ್ಷೆಯೇ, ಒಂದು ರಾತ್ರಿಗೆ ಸಾವಿರ ಸಲ. ಸಣ್ಣವನಿದ್ದಾಗಿಂದ ಮಾಡಿಕೊಂಡು ಬಂದ ಕೆಲಸ, ಯಾವತ್ತೂ ನೋಯಲಿಲ್ಲ, ಹಾಗಾಗಿ ಲೆಕ್ಕಕ್ಕೇ ತಕೊಂಡಿರಲಿಲ್ಲ.

ಕಾರವಾರದ ಮಾಸ್ತರ್, ಕೈ ಬಿಟ್ಟು ನೋಡಿದೆ. ಮೌತ್‌ಪೀಸ್ ಗಲ್ಲಕ್ಕಲ್ಲ, ಅಂಗಿಯ ಮೊದಲ ಗುಂಡಿಗೆ ಬಂತು. ಲೋ ಬಿ ಫ್ಲ್ಯಾಟ್ ಬಲವಾಗಿ ಒತ್ತದೆ ಬರೋದೇ ಇಲ್ಲ. ಒತ್ತಿದರೂ ಮೊದಲು ಗುರ್ ಅಂತದೆ. ನನ್ನ ಉಸಿರು ಸಾಲದು ಅಂದುಕೊಂಡಿದ್ದೆ.

ಹೊನ್ನಾವರ ಮೌರಿ, ಡಿಸೆಂಬರ್ 20

ನಮ್ಮದು ಪಂಚವಾದ್ಯದ ಮನೆ. ನಾವು ಊದುವ ವಾದ್ಯ ಮೌರಿ, ನಿಮ್ಮ ಟೆನರಿನ ಮುಂದೆ ಹಗುರ, ಆದರೆ ತೇರಿನ ದಿನ ನಾವೂ ಬೆಳಿಗ್ಗೆಯಿಂದ ರಾತ್ರಿವರೆಗೆ ನಿಂತು ನಡೆದು ಊದುವವರೇ. ನಮ್ಮಲ್ಲಿ ಅಜ್ಜನ ಕಾಲದಿಂದ ಇಬ್ಬರು ಮೌರಿಯವರು ಸಾಲು ಹಂಚಿಕೊಳ್ತೇವೆ. ಒಬ್ಬ ಸಾಲು ಮುಗಿಸುವಾಗ ಇನ್ನೊಬ್ಬ ಎತ್ತಿಕೊಳ್ತಾನೆ, ಕೇಳುವವರಿಗೆ ದನಿ ಕಡಿಯೋದಿಲ್ಲ. ಬಿಟ್ಟವನು ಕೈ ಕೆಳಗೆ ಇಳಿಸಿ ಬೆರಳು ಝಾಡಿಸಿಕೊಳ್ತಾನೆ. ಬ್ಯಾಂಡ್ ಸೆಟ್ಟಿನವರು ಎಲ್ಲರೂ ಎಲ್ಲ ಹಾಡಿಗೂ ಊದೋದನ್ನು ನೋಡಿದ್ದೇನೆ. ನಿಮ್ಮಲ್ಲಿ ಕ್ಲಾರಿನೆಟ್ ಇದೆ, ಟ್ರಂಪೆಟ್ ಇದೆ. ಪಲ್ಲವಿಗೆ ಅವರು, ಚರಣಕ್ಕೆ ನೀವು ಅಂತ ಮಾಡಿಕೊಂಡರೆ ಎರಡು ತಾಸಿನಲ್ಲಿ ಒಂದು ತಾಸು ಕೈಗೆ ಬಿಡುವು. ಆರತಿಗೆ ನಿಂತಾಗ, ದಿಬ್ಬಣ ಬಾಗಿಲಲ್ಲಿ ತಡೆದಾಗ ವಾದ್ಯವನ್ನು ಊದುವ ಭಂಗಿಯಲ್ಲೇ ಹಿಡಿದು ಕಾಯಬೇಡಿ. ಬೆಲ್ಟಿಗೆ ಬಿಟ್ಟು ಕೈ ಇಳಿಸಿ.

ಕಾರವಾರದ ಹಳೇ ಬ್ಯಾಂಡಿನವ, ಡಿಸೆಂಬರ್ 20

ಮೌರಿಯವರ ಮಾತು ಬರೆದಿಟ್ಟುಕೊಳ್ಳುವಂಥದ್ದು. ಬ್ಯಾಂಡಿನಲ್ಲಿ ನಾವು ಇದನ್ನು ಕಲಿಯಲೇ ಇಲ್ಲ.

ತಮಾ, ಆ ಗುರ್ ಅನ್ನೋದು ನಿನ್ನ ಉಸಿರಿನ ತಪ್ಪಲ್ಲ, ಗಾಳಿ ಸೋರ್ತಿದೆ. ಮೇಲೆ ಎಲ್ಲೋ ತೂತು ಮುಚ್ಚುವ ಒಂದು ಪ್ಯಾಡ್ ಸರಿಯಾಗಿ ಕೂರ್ತಿಲ್ಲ. ಆಗ ಕೆಳಗಿನ ಸ್ವರ ಬರೋದಿಲ್ಲ, ಊದುವವನು ಎಲ್ಲ ಬೆರಳನ್ನೂ ಎರಡು ಪಟ್ಟು ಒತ್ತುತ್ತಾನೆ. ಒತ್ತಿ ಒತ್ತಿ ಅದೇ ಹಿಡಿತ ಆಗಿಬಿಡ್ತದೆ. ಮಳೆಗಾಲ ಕಳೆದ ವಾದ್ಯದಲ್ಲಿ ಇದು ಸಾಮಾನ್ಯ. ಪ್ಯಾಡ್ ಅಂದರೆ ಒಳಗೆ ಉಣ್ಣೆ, ಮೇಲೆ ಚರ್ಮ. ತೇವ ಕುಡಿದು ಉಬ್ಬುತ್ತದೆ, ಒಣಗಿ ಸೊಟ್ಟ ಆಗ್ತದೆ. ನಮ್ಮ ಕಡಲ ತಡಿಯಲ್ಲಿ ಉಪ್ಪುಗಾಳಿಗೆ ಉಕ್ಕಿನ ಸೂಜಿ ಸ್ಪ್ರಿಂಗುಗಳೂ ತುಕ್ಕು ಹಿಡೀತವೆ, ಕೀ ಬಿಗಿಯಾಗ್ತದೆ.

ಗಣಪತಿ ಮಂಟಪಕ್ಕೆ ಹಾಕುವ ಸಣ್ಣ ಎಲ್‌ಇಡಿ ಸರ ಇದ್ದರೆ, ಬ್ಯಾಟರಿಯದ್ದು, ಹುಡುಕಿ ಇಡು. ಕರೆಂಟಿನದ್ದು ಬೇಡ. ರಾತ್ರಿ ಕೋಣೆಯ ದೀಪ ಆರಿಸಿ, ನೆಕ್ ತೆಗೆದು, ಸರವನ್ನು ಮೇಲಿನಿಂದ ಒಳಗೆ ಇಳಿಸು. ಒಂದೊಂದೇ ಕೀಯನ್ನು ಊದುವಾಗ ಒತ್ತುವಷ್ಟೇ ಮೆಲ್ಲಗೆ ಒತ್ತು. ಪ್ಯಾಡಿನ ಅಂಚಿನಲ್ಲಿ ಬೆಳಕಿನ ಗೆರೆ ಕಂಡರೆ ಗಾಳಿ ಹೋಗುವ ದಾರಿ ಅದೇ. ಗಾಳಿಪಟದ ತೆಳು ಕಾಗದದ ಎಳೆಯನ್ನು ಪ್ಯಾಡಿನಡಿ ಇಟ್ಟು, ಮುಚ್ಚಿ ಎಳೆದೂ ನೋಡಬಹುದು. ಒಂದು ಕಡೆ ಹಿಡಿದು ಇನ್ನೊಂದು ಕಡೆ ಸುಮ್ಮನೆ ಜಾರಿ ಬಂದರೆ ಅಲ್ಲಿ ಕೂರ್ತಿಲ್ಲ. ಹುಡುಕುವುದಷ್ಟೇ ನಿನ್ನ ಕೆಲಸ. ಬಗ್ಗಿಸಲು ಹೋಗಬೇಡ. ದೇವಿಮನೆ ಘಟ್ಟ ಇಳಿದು ಒಂದು ದಿನ ಕಾರವಾರಕ್ಕೆ ಬಾ, ನನ್ನ ಹತ್ತಿರ ಪ್ಯಾಡ್ ಇದೆ, ಅಂಟು ಇದೆ, ಸ್ಪಿರಿಟ್ ದೀಪ ಇದೆ.

ಕುಮಟಾ ಫಿಸಿಯೋ, ಡಿಸೆಂಬರ್ 21

ಅಡಿಕೆ ವಿಷಯ ಬರೆದದ್ದು ಒಳ್ಳೆಯದಾಯಿತು. ಕೈಗೆ ಇದು ಊದುವ ಕೆಲಸ, ಇದು ಸುಲಿಯುವ ಕೆಲಸ ಅನ್ನುವ ಭೇದ ಇಲ್ಲ, ಅದು ಒಟ್ಟು ಲೆಕ್ಕ ಮಾತ್ರ ಇಡುತ್ತದೆ. ಸುಲಿಯುವುದನ್ನು ಈ ಒಂದು ಕೊಯ್ಲಿಗೆ ಬೇರೆಯವರಿಗೆ ಬಿಟ್ಟುಕೊಡಲು ಸಾಧ್ಯವೇ ಮನೆಯಲ್ಲಿ ಕೇಳಿ. ನಾಚಿಕೆ ಪಡಬೇಡಿ. ವಾದ್ಯಕ್ಕೂ ಎರಡು ವಾರ ಬಿಡುವು. ಆ ಹೊತ್ತಿನಲ್ಲಿ ಹೆಬ್ಬೆರಳಿನ ಬುಡವನ್ನೂ ಸೇರಿಸಿ ಹಿಡಿಯುವ ಸ್ಪ್ಲಿಂಟ್ ಹಾಕಿಕೊಳ್ಳುವುದು ಒಳ್ಳೆಯದು, ಅಳತೆ ನೋಡಿ ಕೊಡಬೇಕು, ಸುಮ್ಮನೆ ಅಂಗಡಿಯಿಂದ ತರಬೇಡಿ. ಆಮೇಲೆ ದಿನಕ್ಕೆ ಎರಡು ಸಲ ಹತ್ತು ಹತ್ತು ನಿಮಿಷ, ಕೂತು ಊದಿ. ಮರುದಿನ ಬೆಳಿಗ್ಗೆ ಕೈ ಹಿಂದಿನ ದಿನದ ಹಾಗೇ ಇದ್ದರೆ ಮಾತ್ರ ಐದು ನಿಮಿಷ ಏರಿಸಿ, ಹೆಚ್ಚು ನೋಯುತ್ತಿದ್ದರೆ ಇಳಿಸಿ. ನಡೆಯುವುದು ಕೊನೆಗೆ.

ರಾತ್ರಿ ಜೋಮಿನಿಂದ ಎಚ್ಚರ ಆದರೆ, ಕೈಯಿಂದ ಪಾತ್ರೆ ಜಾರಿದರೆ, ಹೆಬ್ಬೆರಳು ಸಿಕ್ಕಿಕೊಂಡರೆ ಕಾಯಬೇಡಿ. ಮೂಳೆ ಡಾಕ್ಟರ ಹತ್ತಿರ ಹೋಗಿ.

ಶಿರಸಿ ಟೆನರ್, ಜನವರಿ 29

ತಡವಾಗಿ ಬರೀತಿದ್ದೇನೆ, ಒಂದು ದಿಬ್ಬಣ ಆಗಲಿ ಅಂತ ಕಾದೆ.

ಎಲ್‌ಇಡಿ ಸರ ಅಕ್ಕನ ಮಗಳ ಪೆಟ್ಟಿಗೆಯಲ್ಲಿ ಸಿಕ್ಕಿತು. ದೀಪ ಆರಿಸಿ ಒಳಗೆ ಇಳಿಸಿದಾಗ ಮನೆಯವರೆಲ್ಲ ಸುತ್ತ ಕೂತಿದ್ದರು. ಕತ್ತಲಲ್ಲಿ ವಾದ್ಯದ ತೂತುಗಳೆಲ್ಲ ಒಳಗಿಂದ ಹೊಳೀತಿದ್ದವು. ಒಂದೊಂದೇ ಕೀ ಒತ್ತಿದ ಹಾಗೆ ಒಂದೊಂದೇ ಆರಿತು. ಎಡ ಉಂಗುರ ಬೆರಳಿನ ಜಿ ಕೀ ಒತ್ತಿದಾಗ ಮಾತ್ರ ಪ್ಯಾಡಿನ ಹಿಂಬದಿಯಲ್ಲಿ ಚಂದ್ರನ ಗೆರೆಯ ಹಾಗೆ ಸಣ್ಣ ಬೆಳಕು ಉಳಿಯಿತು. ಅದರ ಪಕ್ಕದ ಜಿ ಶಾರ್ಪ್ ಪ್ಯಾಡಿನಲ್ಲೂ ಇತ್ತು. ಆಯಿ ತಾನೇ ಬೆರಳಿಟ್ಟು “ಇಲ್ಲಿ ಕಾಣ್ತದಲ್ಲ ಮಗಾ” ಅಂದಳು. ಆರು ತಿಂಗಳು ನಾನು ಕಿರುಬೆರಳಿಂದ ಒತ್ತಿ ಮುಚ್ಚಲು ನೋಡ್ತಿದ್ದದ್ದು ಅದನ್ನು, ಅಲ್ಲಿ ಒತ್ತಿದರೆ ಮುಚ್ಚುವಂಥದ್ದೇ ಅಲ್ಲ.

ಕಾರವಾರಕ್ಕೆ ಹೋಗಿ ಬಂದೆ. ಮಾಸ್ತರು ಎರಡು ಪ್ಯಾಡ್ ಬದಲಿಸಿದರು, ಹುಕ್ಕನ್ನು ಬೆರಳ ಅಗಲದಷ್ಟು ಮೇಲೆ ಸರಿಸಿದರು. ಲೋ ಬಿ ಫ್ಲ್ಯಾಟ್ ಈಗ ಬೆರಳಿಟ್ಟರೆ ಬರ್ತದೆ. ಅವರ ಅಂಗಳದಲ್ಲೇ ನಡೆಸಿ ನಡೆಸಿ ಹಿಮ್ಮಡಿ ಹೆಜ್ಜೆ ಕಲಿಸಿದರು. ದುಡ್ಡು ತಕೊಳ್ಳಲಿಲ್ಲ, ಆಯಿ ಕೊಟ್ಟ ಜೋನಿಬೆಲ್ಲ ತಕೊಂಡರು. ಕುಮಟಾದಲ್ಲಿ ಇಳಿದು ಅಕ್ಕನಿಗೂ ಕೈ ತೋರಿಸಿದೆ, ಸ್ಪ್ಲಿಂಟ್ ಮಾಡಿಸಿಕೊಟ್ಟರು.

ಅಡಿಕೆಯದ್ದೇ ಕಷ್ಟ ಆಯಿತು. ಅಪ್ಪನಿಗೆ ಹೇಳಲು ಎರಡು ದಿನ ಬೇಕಾಯಿತು. ಕೇಳಿದ ಮೇಲೆ ಅವರು ಏನೂ ಹೇಳಲಿಲ್ಲ. ಮರುದಿನ ಸಂಜೆ ನನ್ನ ಮೆಟ್ಟುಗತ್ತಿಯಲ್ಲಿ ಚಿಕ್ಕಪ್ಪನ ಮಗ ಕೂತಿದ್ದ, ನನಗೆ ಬೇಯಿಸುವ ಒಲೆಗೆ ಬೆಂಕಿ ನೋಡುವ ಕೆಲಸ.

ನಿನ್ನೆ ಮೊದಲ ದಿಬ್ಬಣ. ಹಾರ್ನೆಸ್ ಕೋಟಿನ ಒಳಗೆ ಹಾಕಿದ್ದೆ. ಪಲ್ಲವಿ ಕ್ಲಾರಿನೆಟ್ಟಿಗೆ, ಚರಣ ನನಗೆ. ನಮ್ಮ ಮಾಸ್ತರಿಗೆ ಮೊದಲು ಇಷ್ಟ ಇರಲಿಲ್ಲ, ಎರಡು ಹಾಡು ಕೇಳಿದ ಮೇಲೆ ಅವರೇ ಟ್ರಂಪೆಟ್ಟಿನವನಿಗೂ ಹಾಗೇ ಹಂಚಿಕೊಟ್ಟರು. ಒಂದು ತಾಸಿನ ಮೇಲೆ ಹೆಬ್ಬೆರಳಲ್ಲಿ ಸಣ್ಣಗೆ ಎಚ್ಚರಿಕೆ ಬಂತು, ವಾದ್ಯ ಬೆಲ್ಟಿಗೆ ಬಿಟ್ಟು ಎರಡು ಹಾಡು ಸುಮ್ಮನೆ ನಡೆದೆ. ಇವತ್ತು ಬೆಳಿಗ್ಗೆ ಬೈಕಿನ ಕೀ ಬಲಗೈಯಲ್ಲೇ ತಿರುಗಿಸಿದೆ, ಸ್ವಲ್ಪ ಹಿಡಿಯಿತು, ಆದರೆ ತಿರುಗಿತು. ಕಿರುಬೆರಳ ಜೋಮು ಹತ್ತು ದಿನದಿಂದ ಇಲ್ಲ.

ಇನ್ನೊಂದು ಕೇಳಬೇಕಿತ್ತು. ನನ್ನ ಜಾಗಕ್ಕೆ ಕ್ಲಾರಿನೆಟ್ಟಿಗೆ ಬಂದವ ಹದಿಮೂರು ವರ್ಷದ ಹುಡುಗ. ನಿನ್ನೆ ನೋಡಿದರೆ ಅವನ ಬಲ ಹೆಬ್ಬೆರಳ ಗೆಣ್ಣಿನ ಮೇಲೆ ಕೆಂಪಗೆ ಗುಳಿ ಬಿದ್ದಿದೆ, ಯಾರಿಗೂ ಹೇಳಿಲ್ಲ. ಹಳೇ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ, ಹೆಬ್ಬೆರಳು ವಾದ್ಯವನ್ನು ಹೊರುವ ಥಂಬ್ ರೆಸ್ಟಿಗೆ ತೊಡಿಸಿದ್ದೇನೆ. ಬೆಲ್ಟ್ ಹಾಕೋಣ ಅಂದರೆ ಸಿಕ್ಕಿಸಲು ಬಳೆ ಇಲ್ಲ. ಬೆಸುಗೆ ಹಾಕಿಸಬಹುದೇ?

ಕಾರವಾರದ ಹಳೇ ಬ್ಯಾಂಡಿನವ, ಜನವರಿ 29

ಬೆಸುಗೆ ಬೇಡ ತಮಾ, ಬಿಸಿಗೆ ಮರ ಬಿರಿಯುತ್ತದೆ. ಬಳೆ ಇರುವ ಥಂಬ್ ರೆಸ್ಟೇ ಬರ್ತದೆ, ನನ್ನ ಹತ್ತಿರ ಒಂದು ಇದೆ. ಈಗ ಇರುವುದಕ್ಕೆ ಎರಡು ಸ್ಕ್ರೂವೋ ಮೂರೋ, ತೂತುಗಳ ನಡುವೆ ಎಷ್ಟು ಅಂತರ ಅಂತ ಅಳೆದು ಬರೆ. ಹೊಂದಿದರೆ ನಾಡಿದ್ದಿನ ಬಸ್ಸಿಗೆ ಕಳಿಸ್ತೇನೆ. ಅಲ್ಲಿವರೆಗೆ ಹುಡುಗ ಕೂತು, ವಾದ್ಯದ ಕೆಳತುದಿಯ ಅಗಲ ಬಾಯಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡೇ ಊದಲಿ.